ಒಪ್ಪುವುದೂ ಒಪ್ಪಿಕೊಳ್ಳುವುದೂ

ಹೆಂಗಸರು ಯಾವುದನ್ನೂ ಸುಲಭವಾಗಿ ಒಪ್ಪುವುದಿಲ್ಲ ಎಂಬುದು ಗಂಡಸರ ಬಹಳ ಹಳೆಯ ದೂರು. ಅದರಲ್ಲಿ ಸುಳ್ಳೇನೂ ಇಲ್ಲ. ಬೀದರಿನ ಪೇಟೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಳ್ಳುವಾಗ ನಾವು ಪ್ರತಿ ಕಾಯಿಯನ್ನೂ ತಿರುಗಿಸಿ, ತೊಟ್ಟು ನೋಡಿ, ಹುಳದ ತೂತು ಇದೆಯೇ ಎಂದು ಹುಡುಕಿ, ನಾಲ್ಕು ರೂಪಾಯಿಗಾಗಿ ಹತ್ತು ನಿಮಿಷ ಜಗ್ಗಾಡಿ, ಕೊನೆಗೆ ಮೇಲೊಂದು ಹಿಡಿ ಕೊತ್ತಂಬರಿ ಹಾಕಿಸಿಕೊಂಡೇ ಚೀಲದ ಬಾಯಿ ಮುಚ್ಚುತ್ತೇವೆ. ಸೀರೆಯ ಅಂಗಡಿಯವನ ಪಾಡನ್ನು ಕೇಳಲೇಬೇಡಿ. ಮೂವತ್ತು ಸೀರೆ ಬಿಚ್ಚಿಸಿ, ಅಂಚು ಚೆನ್ನಾಗಿದ್ದರೆ ಒಡಲು ಸರಿಯಿಲ್ಲ, ಒಡಲು ಸರಿಯಿದ್ದರೆ ಸೆರಗು ಸಪ್ಪೆ ಎಂದು ಹೇಳಿ ಎದ್ದು ಬಂದವರು ನಾವು. ಇಷ್ಟು ಗಟ್ಟಿ ಜನ, ದಿನಕ್ಕೆ ಹತ್ತಾರು ಸಲ, ಒಂದು ಸಾಲೂ ಓದದೆ, ಕೈಗೆ ಮೆತ್ತಿದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಮೊಬೈಲಿನ ಮೇಲೆ ‘ಒಪ್ಪುತ್ತೇನೆ’ ಎಂಬಲ್ಲಿ ಬೆರಳು ಒತ್ತಿಬಿಡುತ್ತೇವೆ!

ಮೊಬೈಲು ಕೇಳುವುದಾದರೂ ಏನನ್ನು? ನಿಮ್ಮ ಫೋಟೋಗಳನ್ನು ನೋಡಲೇ? ನಿಮ್ಮ ಪರಿಚಯದವರ ನಂಬರುಗಳನ್ನೆಲ್ಲ ಓದಿಕೊಳ್ಳಲೇ? ನೀವು ಎಲ್ಲಿದ್ದೀರೆಂದು ತಿಳಿದುಕೊಳ್ಳಲೇ? ನಿಮ್ಮ ಮಾತಿಗೆ ಕಿವಿಗೊಡಲೇ? ಇದೇ ಪ್ರಶ್ನೆಗಳನ್ನು ಗುರುತಿಲ್ಲದ ಗಂಡಸೊಬ್ಬ ನಮ್ಮ ಹೊಸ್ತಿಲಲ್ಲಿ ನಿಂತು ಕೇಳಿದನೆನ್ನಿ. “ಬಾಯಿ, ನಿಮ್ಮ ಮದುವಿ ಅಲ್ಬಮ್ ಕೊಡ್ರಿ, ನಿಮ್ಮ ತವರುಮನಿಯವರ ನಂಬರ್ ಬರಕೊಡ್ರಿ, ಇನ್ನ ಮ್ಯಾಲ ನೀವು ಎಲ್ಲಿ ಹೋದ್ರೂ ನಾ ಹಿಂದಿಂದ ಬರ್ತೀನಿ” ಎಂದರೆ ನಾವು ಅವನಿಗೆ ಚಹಾ ಕೊಡುವುದಿಲ್ಲ. ಮೂಲೆಯಲ್ಲಿ ಪೊರಕೆ ಯಾವ ಕಡೆ ಇದೆ ಎಂದು ನೋಡುತ್ತೇವೆ. ಆದರೆ ಅದೇ ಮಾತನ್ನು ಅಂಗೈಯಗಲದ ಗಾಜು ವಿನಯದಿಂದ ಕೇಳಿದರೆ ನಮಗೆ ಏನೂ ಅನ್ನಿಸುವುದಿಲ್ಲ. ಇದು ಯಾಕೆ ಹೀಗೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಯೋಚಿಸುತ್ತ ಹೋದಂತೆ, ಒಪ್ಪಿಗೆ ಎಂದರೇನು ಎಂಬ ದೊಡ್ಡ ಪ್ರಶ್ನೆಯೇ ನನ್ನ ಸಣ್ಣ ಅಡುಗೆಮನೆಯೊಳಗೆ ಬಂದು ಮಣೆ ಹಾಕಿಕೊಂಡು ಕೂತಿತು.

ಒಂದು ಕಾರಣ ಮಾತಿನದು. ಈ ಯಂತ್ರಗಳ ಲೋಕದವರು ತಮ್ಮ ಸರಕಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಯಾರಿಗೂ ಹೆದರಿಕೆ ಹುಟ್ಟುವುದಿಲ್ಲ. ಅವೆಲ್ಲ ನಮ್ಮ ಮನೆಯ ಹೆಸರುಗಳೇ. ಕೈಯಲ್ಲಿ ಹಿಡಿಯುವ ಡಬ್ಬಿಗೆ ಇಲಿ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ಅದನ್ನು ಕಂಡುಹಿಡಿದಾಗ ಬಾಲದಂತೆ ವೈರು ಇತ್ತಂತೆ, ಇಲಿ ಎಂದು ಕರೆದರು. ಈಗ ಬಾಲ ಹೋಗಿದೆ, ಹೆಸರು ಉಳಿದಿದೆ. ತಪ್ಪು ನುಸುಳಿದರೆ ಅದು ‘ಬಗ್’, ಅಂದರೆ ಹುಳ. 1947ರಲ್ಲಿ ಹಾರ್ವರ್ಡಿನವರ ಒಂದು ದೊಡ್ಡ ಯಂತ್ರದಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಪುಸ್ತಕದಲ್ಲಿ ಅಂಟಿಸಿ, ಕೆಳಗೆ ಷರಾ ಬರೆದಿಟ್ಟರು. ನಮ್ಮ ಗುರುತನ್ನು ನೆನಪಿಟ್ಟುಕೊಳ್ಳಲು ಕಂಪ್ಯೂಟರಿನೊಳಗೆ ಬಿಟ್ಟುಹೋಗುವ ಚೀಟಿಗೆ ‘ಕುಕಿ’ ಎಂದು ಹೆಸರು. 1994ರಲ್ಲಿ ಲೂ ಮೊಂಟುಲಿ ಎಂಬ ಹುಡುಗ ಅದನ್ನು ಬ್ರೌಸರಿಗೆ ತಂದದ್ದು. ಬಿಸ್ಕೀಟಿನ ಹೆಸರು! “ಕುಕೀಸ್ ಒಪ್ಪಿಕೊಳ್ಳುತ್ತೀರಾ?” ಎಂದು ಕೇಳಿದರೆ ಬೇಡ ಎನ್ನಲು ಯಾವ ಗೃಹಿಣಿಗೆ ಮನಸ್ಸು ಬಂದೀತು? ಮನೆಗೆ ಬಂದವರೇ ಬಿಸ್ಕೀಟು ತಂದಿದ್ದಾರೆ ಎಂದುಕೊಂಡು ಒಳಗೆ ಕರೆಯುತ್ತೇವೆ. ಅದೇ ಚೀಟಿಗೆ ‘ಬೆನ್ನುಹತ್ತುವ ಚೀಟಿ’ ಎಂದು ಹೆಸರಿಟ್ಟಿದ್ದರೆ ನಮ್ಮ ಬೆರಳು ಒಂದು ಗಳಿಗೆಯಾದರೂ ತಡೆಯುತ್ತಿತ್ತು.

ಇನ್ನು ‘ಸರ್ವರ್’. ನಮ್ಮ ಕಾಲಕ್ಕೆ ಸರ್ವರ್ ಎಂದರೆ ಹೋಟೆಲಿನಲ್ಲಿ ನೀರಿನ ಗ್ಲಾಸುಗಳೊಳಗೆ ಐದೂ ಬೆರಳು ಅದ್ದಿಕೊಂಡು ಬರುವ ಹುಡುಗ. ಅವನು ಬಾರದ ದಿನ ಗಲ್ಲಾದ ಮೇಲೆ ಕೂತ ಮಾಲೀಕರೇ ಎದ್ದು ಬಂದು, “ಹುಡುಗ ಬಂದಿಲ್ರಿ, ಸ್ವಲ್ಪ ತಡ ಆಗ್ತದ” ಎಂದು ಹೇಳಿ ತಾವೇ ಚಹಾ ಇಟ್ಟು ಹೋಗುತ್ತಿದ್ದರು. ಈಗ ಯಾವ ಕಚೇರಿಗೆ ಹೋದರೂ ‘ಸರ್ವರ್ ಡೌನ್’. ಈಗಿನ ಸರ್ವರ್ ಬಾರದಿದ್ದರೆ ಎದ್ದು ಬರುವ ಮಾಲೀಕರು ಯಾರು ಎಂಬುದು ಕಿಟಕಿಯ ಆಚೆ ಕೂತವನಿಗೂ ಗೊತ್ತಿಲ್ಲ, ಈಚೆ ನಿಂತವರಿಗೂ ಗೊತ್ತಿಲ್ಲ. ಹಿಂದಿನವರು ಎಲ್ಲದಕ್ಕೂ ಹಣೆಬರಹ ಎನ್ನುತ್ತಿದ್ದರಲ್ಲ, ಅದರ ಜಾಗದಲ್ಲಿ ಈಗ ಸರ್ವರ್ ಬಂದು ಕೂತಿದೆ. ಹಣೆಬರಹಕ್ಕಾದರೂ ಬರೆದ ಬ್ರಹ್ಮನೊಬ್ಬನಿದ್ದ, ಬೈಯುವುದಕ್ಕೆ ಸಿಗುತ್ತಿದ್ದ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದು ಆದಾಗ, ನಮ್ಮ ಜಿಲ್ಲೆಯ ಹೆಂಗಸರೆಲ್ಲ ಒಂದೇ ತಿಂಗಳಲ್ಲಿ ಹೊಸ ಭಾಷೆ ಕಲಿತರು. ಇ-ಕೆವೈಸಿ, ಲಿಂಕು, ಮ್ಯಾಪಿಂಗು, ಸೀಡಿಂಗು! ಔರಾದಿನ ಒಂದು ಅರ್ಜಿ ಕೇಂದ್ರದಲ್ಲಿ ನಡೆದದ್ದೆಂದು ನಮ್ಮ ವೈನಿ ಹೇಳಿದ ಮಾತು ಇದು. ಕಂಪ್ಯೂಟರಿನ ಹುಡುಗ ಒಬ್ಬ ಮುದುಕಿಗೆ, “ಆಯಿ, ನಿಮ್ಮ ಆಧಾರ್ ಸೀಡಿಂಗ್ ಆಗಿಲ್ಲ” ಎಂದನಂತೆ.

“ಸೀಡಿಂಗ ಅಂದ್ರ ಯಾನ್ ತಮ್ಮಾ?”

“ಸೀಡ್ ಅಂದ್ರ ಬೀಜ, ಆಯಿ.”

“ಬೀಜಾ ಹಾಕಿ ತಿಂಗಳು ಆತಲ್ಲೋ! ಇಷ್ಟೊತ್ತಿಗಿ ಮೊಳಕಿ ಕಾಣಬೇಕಿತ್ತು. ಹ್ವಾದ ವರ್ಷ ನಮ್ಮ ಸೋಯಾ ಬೀಜ ಹಿಂಗೇ ಆಗಿತ್ತು. ನಿಮ್ಮ ಡಬ್ಬಿದಾಗಿನ ಬೀಜನೇ ಖೊಟ್ಟಿ ಅದ ನೋಡು.”

ಅಲ್ಲಿದ್ದವರೆಲ್ಲ ನಕ್ಕರಂತೆ. ನಾನೂ ನಕ್ಕೆ. ಆದರೆ ನಗು ಮುಗಿದ ಮೇಲೆ ಅನ್ನಿಸಿತು, ಆ ಮುದುಕಿ ಹೇಳಿದ್ದರಲ್ಲಿ ತಪ್ಪೇನಿದೆ? ಬಿತ್ತಿದವಳು ತಾನಲ್ಲ, ಬೀಜ ತನ್ನದಲ್ಲ, ಮೊಳಕೆ ಬಾರದಿದ್ದರೆ ದೋಷ ಬೀಜ ಕೊಟ್ಟವರದು ಎಂದು ಅವಳ ನ್ಯಾಯ. ಹುಡುಗನ ವಾಕ್ಯದಲ್ಲಿ ಮಾತ್ರ ‘ನಿಮ್ಮ’ ಸೀಡಿಂಗ್ ಆಗಿಲ್ಲ. ಕೆಲಸ ಯಾರದೋ, ಬಾಕಿ ಅವಳದು. ಈ ಹೊಸ ಮಾತುಗಳಲ್ಲಿ ನನಗೆ ತೊಡಕು ಕಾಣುವುದು ಇಲ್ಲಿ.

ಕಸುಬಿನವರಿಗೆ ತಮ್ಮದೇ ಮಾತು ಇರುವುದು ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಬಿದರಿ ಕೆಲಸದವರನ್ನೇ ನೋಡಿ. ಸತುವು ತಾಮ್ರ ಕರಗಿಸಿ ಎರಕ ಹೊಯ್ಯುವುದಕ್ಕೆ, ಚಾಣದಿಂದ ಚಿತ್ತಾರ ಕೊರೆಯುವುದಕ್ಕೆ, ಬೆಳ್ಳಿ ಕೂರಿಸುವುದಕ್ಕೆ, ಕೋಟೆಯ ಹಳೇ ಮಣ್ಣು ಹಾಕಿ ಕುದಿಸಿ ಕಪ್ಪು ಬರಿಸುವುದಕ್ಕೆ ಅವರಲ್ಲಿ ಒಂದೊಂದಕ್ಕೂ ಒಂದೊಂದು ಮಾತಿದೆ. ನಮ್ಮ ಅಡುಗೆಮನೆ ಏನು ಕಡಿಮೆಯೇ? ‘ಹದ’ ಎಂಬ ಒಂದೇ ಮಾತನ್ನು ಯಾವ ಎಂಜಿನಿಯರಿಗಾದರೂ ವಿವರಿಸಿ ನೋಡಿ. ಹೋಳಿಗೆಯ ಕಣಕ ಹದವಾಗಬೇಕು, ಪಾಕ ಎಳೆ ಬರಬೇಕು, ರೊಟ್ಟಿಯ ಹಿಟ್ಟಿಗೆ ನೀರು ‘ಹಿಡಿಯುವಷ್ಟು’ ಹಾಕಬೇಕು. ಹಿಡಿಯುವಷ್ಟು ಎಂದರೆ ಎಷ್ಟು ಮಿಲಿಲೀಟರು? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ತಂಗಿಯ ಮಗ ಒಮ್ಮೆ ಫೋನಿನಲ್ಲಿ ಪುಂಡಿಪಲ್ಯ ಮಾಡುವುದನ್ನು ಕೇಳಿ, “ದೊಡ್ಡಮ್ಮ, ನಿಮ್ಮ ಡಾಕ್ಯುಮೆಂಟೇಶನ್ ಬಹಳ ಖರಾಬ್ ಅದ” ಎಂದ. ಇರಲಿ. ಆದರೆ ಒಂದು ವ್ಯತ್ಯಾಸವಿದೆ. ನನಗೆ ‘ಹದ’ ತಿಳಿಯದವರ ಎಲೆಗೆ ನಾನು ಹೋಳಿಗೆ ಬಡಿಸುತ್ತೇನೆಯೇ ಹೊರತು, ‘ಹದ ಕೆಟ್ಟರೆ ನಾನು ಜವಾಬ್ದಾರಳಲ್ಲ, ಇದಕ್ಕೆ ನನ್ನ ಒಪ್ಪಿಗೆ ಇದೆ’ ಎಂದು ಉಣ್ಣುವವರಿಂದ ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಿಲ್ಲ. ಕಸುಬಿನ ಮಾತು ಕೆಲಸದವರ ನಡುವೆ ಇದ್ದರೆ ಅದೊಂದು ಹತಾರ. ಅದೇ ಮಾತು ಕೌಂಟರಿನ ಈಚೆಗೆ ದಾಟಿ ಬಂದು, ತಿಳಿಯದವರ ಕೈಯಿಂದ ಸಹಿ ಕೇಳಿದರೆ, ಅದು ಬೇಲಿಯಾಗುತ್ತದೆ.

ಪರಭಾಷೆಯ ಮಾತು ಎಂಬುದಕ್ಕೂ ನಾನು ಅಳುವವಳಲ್ಲ. ಬೀದರಿನವರು ಹಾಗೆ ಅಳುತ್ತ ಕೂತಿದ್ದರೆ ಆರು ನೂರು ವರ್ಷ ಅಳಬೇಕಿತ್ತು. ಬಹಮನಿ ಸುಲ್ತಾನರ ಕಾಲದಲ್ಲಿ ದರಬಾರಿನ ಮಾತು ಪಾರ್ಸಿ. ನಿಜಾಮರ ಆಡಳಿತದಲ್ಲಿ ಕಚೇರಿ ಉರ್ದುವಿಗೆ ಬಂತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಮಾತುಗಳು ಎದ್ದು ಹೋಗಲಿಲ್ಲ. ಅರ್ಜಿ, ದಾಖಲೆ, ರಸೀದಿ, ಜಾಮೀನು, ಬಾಕಿ, ಜಪ್ತಿ, ತಕರಾರು, ವಾರಸುದಾರ, ಇವನ್ನೆಲ್ಲ ತೆಗೆದುಹಾಕಿದರೆ ನಮ್ಮ ಮನೆಯ ಆಸ್ತಿ ಜಗಳವನ್ನು ಕನ್ನಡದಲ್ಲಿ ಆಡುವುದೇ ಸಾಧ್ಯವಿಲ್ಲ. ಕೊನೆಗೆ ‘ಸಹಿ’ ಎಂಬುದೂ ಅರಬ್ಬಿ ಮೂಲದ್ದೇ, ಸರಿಯಾದದ್ದು ಎಂದು ಅದರ ಅರ್ಥ. ಎಷ್ಟು ಜನ ಏನೇನು ಓದದೆ ಸಹಿ ಹಾಕಿ ಸರಿಯಲ್ಲದ್ದನ್ನೆಲ್ಲ ಸರಿ ಮಾಡಿಕೊಟ್ಟಿದ್ದಾರೆ ಎಂದು ನೆನೆದರೆ, ಆ ಮಾತೇ ನಾಚಿಕೊಂಡೀತು. ಇರಲಿ, ಕಾಲ ಕಳೆದಂತೆ ಆ ಮಾತುಗಳನ್ನು ನಾವು ಜೀರ್ಣಿಸಿಕೊಂಡೆವು. ನಾಳೆ ಲಿಂಕು, ಅಪ್‌ಡೇಟು, ಒಟಿಪಿ ಕೂಡ ಹಾಗೆಯೇ ಜೀರ್ಣವಾದಾವು.

ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ, ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು ಅವರು. ಈಗಿನ ಮೊಬೈಲಿನಲ್ಲಿ ನಡೆಯುವುದು ಅದರ ತಿರುಗುಮುರುಗು. ‘ನಿಮ್ಮ ಭಾಷೆ ಆರಿಸಿಕೊಳ್ಳಿ’ ಎಂದು ಹೊರಗೆ ಚಂದದ ಕನ್ನಡ ಫಲಕ. ಆರಿಸಿಕೊಂಡು ಒಳಗೆ ಹೋದರೆ ‘ನಿಯಮ ಮತ್ತು ಷರತ್ತುಗಳು’ ಎಂಬ ಬಾಗಿಲಿನ ಆಚೆ ಬಹುಮಟ್ಟಿಗೆ ಇಂಗ್ಲಿಷು, ಅದೂ ವಕೀಲರ ಇಂಗ್ಲಿಷು. ಪಟ್ಟದ್ದೇವರ ಶಾಲೆಯಲ್ಲಿ ಫಲಕ ಸರಕಾರದ ಕಣ್ಣಿಗೆ, ಪಾಠ ಮಕ್ಕಳಿಗೆ. ಇಲ್ಲಿ ಫಲಕ ನಮಗೆ, ಪಾಠ ಕಂಪನಿಗೆ.

ಹಾಗಾದರೆ ಪ್ರಶ್ನೆ ಮಾತಿನದಲ್ಲ, ಮಾತಿನ ಕೆಳಗೆ ನಾವು ಒತ್ತುವ ಮುದ್ರೆಯದು. ತಿಳಿಯದ ಬರಹದ ಕೆಳಗೆ ಬಿದ್ದ ಮುದ್ರೆ ನನ್ನದೇ ಆದರೂ, ಆ ಬರಹ ನನ್ನದೇ? ಇದನ್ನು ಕೇಳಲು ಬೀದರಿಗಿಂತ ತಕ್ಕ ಊರಿಲ್ಲ. ಯಾಕೆಂದರೆ ಈ ಪ್ರಶ್ನೆಗೆ ಇಲ್ಲಿ ಒಬ್ಬರ ತಲೆಯೇ ಹೋಗಿದೆ.

ಮಹಮೂದ್ ಗವಾನರ ಮದರಸಾ ನೋಡದ ಬೀದರಿನವರಿಲ್ಲ. 1472ರಲ್ಲಿ ಕಟ್ಟಿದ್ದು. ಅರ್ಧ ಕುಸಿದರೂ ಆ ಮಿನಾರಿನ ಮೇಲೆ ನೀಲಿ ಹಸಿರು ಹೆಂಚುಗಳು ಇನ್ನೂ ಉಳಿದಿವೆ. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವರು ಗವಾನರು. ವಿದ್ವಾಂಸರು, ಸರಳ ಬದುಕಿನವರು ಎಂದು ಹೆಸರಾದವರು. ದರಬಾರಿನಲ್ಲಿ ಅವರಿಗೆ ಆಗದವರು ಬಹಳ. ಆ ಜನ ಅವರ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಒಂದು ಖಾಲಿ ಕಾಗದದ ಮೇಲೆ ಗವಾನರ ಮುದ್ರೆ ಒತ್ತಿಸಿಕೊಂಡರೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಆಮೇಲೆ ಆ ಕಾಗದದಲ್ಲಿ, ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದು, ಸುಲ್ತಾನ ಮೂರನೆಯ ಮುಹಮ್ಮದ್ ಶಹನ ಕೈಗೆ ಕೊಟ್ಟರು. ಸುಲ್ತಾನ ಗವಾನರನ್ನು ಕರೆಸಿ ಕಾಗದ ತೋರಿಸಿದ. ಮುದ್ರೆ ತಮ್ಮದು, ಬರಹ ತಮಗೆ ಗೊತ್ತಿಲ್ಲ ಎಂದು ಗವಾನರು ಹೇಳಿದರಂತೆ. ಸುಲ್ತಾನನಿಗೆ ಮುದ್ರೆ ಸಾಕಾಯಿತು. 1481ರಲ್ಲಿ, ಎಪ್ಪತ್ತು ದಾಟಿದ ಆ ಮುದುಕರ ತಲೆ ತೆಗೆಸಿದ. ನಿಜ ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಪಶ್ಚಾತ್ತಾಪದಲ್ಲಿ, ಕುಡಿತದಲ್ಲಿ ಮರುವರ್ಷವೇ ಸುಲ್ತಾನನೂ ಹೋದ. ಅಲ್ಲಿಂದ ಮುಂದೆ ಆ ರಾಜ್ಯವೂ ಗಟ್ಟಿಯಾಗಿ ನಿಲ್ಲಲಿಲ್ಲ.

ಈ ಕತೆಯಲ್ಲಿ ತಪ್ಪು ಯಾರದು? ಪತ್ರ ಬರೆದವರದು ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಇನ್ನಿಬ್ಬರಿದ್ದಾರೆ. ಓದದೆ ಮುದ್ರೆ ಒತ್ತಿದವನೊಬ್ಬ. ಮುದ್ರೆ ನೋಡಿ, ಮನುಷ್ಯನ ಮುಖ ನೋಡದ ಸುಲ್ತಾನನೊಬ್ಬ. ನಮ್ಮ ಕಾಲದ ಪ್ರತಿಯೊಂದು ‘ಒಪ್ಪುತ್ತೇನೆ’ಯಲ್ಲೂ ಈ ಮೂವರು ಇದ್ದೇ ಇರುತ್ತಾರೆ.

ಭಾಲ್ಕಿಯಲ್ಲಿ ನನಗೆ ಗುರುತಿನ ಒಬ್ಬ ನಿವೃತ್ತ ಶಿಕ್ಷಕಿಯಿದ್ದಾರೆ. ನೂರಾರು ಮಕ್ಕಳಿಗೆ ಲೆಕ್ಕ ಕಲಿಸಿದವರು. “ನಿಮ್ಮ ಕೆವೈಸಿ ಮುಗಿದದ, ಇವತ್ತೇ ಅಪ್‌ಡೇಟ್ ಮಾಡದಿದ್ರ ಖಾತೆ ಬಂದ್ ಆಗ್ತದ” ಎಂದು ಫೋನಿನಲ್ಲಿ ಯಾರೋ ಹೆದರಿಸಿ, ಬಂದ ಆರು ಅಂಕಿಗಳನ್ನು ಕೇಳಿದರು. ಪಿಂಚಣಿಯಿಂದ ಉಳಿಸಿದ ಹಣದಲ್ಲಿ ಒಂದು ದೊಡ್ಡ ಪಾಲು ಹೋಯಿತು. ಅವರು ಬ್ಯಾಂಕಿಗೆ ಹೋಗಿ ಹೇಳಿಕೊಂಡಾಗ ಸಿಕ್ಕ ಉತ್ತರ ಒಂದೇ: “ಮೇಡಂ, ಒಟಿಪಿ ನೀವೇ ಕೊಟ್ಟೀರಲ್ಲ.” ಮುದ್ರೆ ನಿಮ್ಮದಲ್ಲವೇ! ಐದು ನೂರು ವರ್ಷ ಕಳೆದರೂ ವಿಚಾರಣೆಯ ವಾಕ್ಯ ಬದಲಾಗಿಲ್ಲ.

ಬ್ಯಾಂಕಿನವರ ಮಾತನ್ನು ಪೂರ್ತಿ ತಳ್ಳಿಹಾಕುವುದೂ ನ್ಯಾಯವಲ್ಲ. ಒತ್ತಿದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದು ಎಲ್ಲರೂ ಹೇಳತೊಡಗಿದರೆ ಯಾವ ವ್ಯವಹಾರವೂ ನಿಲ್ಲುವುದಿಲ್ಲ. ಸಾಲ ಪಡೆದವನೂ ಅದನ್ನೇ ಹೇಳಿಯಾನು. ಮುದ್ರೆಗೆ ಬೆಲೆ ಇರಲೇಬೇಕು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಈ ನಷ್ಟವನ್ನು ಹಂಚಿದ ರೀತಿ ನೋಡಿ. ಗುಟ್ಟಿನ ಅಂಕಿಯನ್ನು ಗ್ರಾಹಕರೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯ ಕಡೆಯದು ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಹೊಣೆಯಿಲ್ಲ. ಆದ್ದರಿಂದ ನಾಚಿಕೊಂಡು ಮನೆಯಲ್ಲಿ ಮುಚ್ಚಿಡುವ ಪ್ರತಿ ಗಂಟೆಗೂ ಬೆಲೆಯಿದೆ. 1930 ಎಂಬ ಸಹಾಯವಾಣಿಗೆ ಕೂಡಲೇ ಫೋನು ಮಾಡಬೇಕು. ಆ ಶಿಕ್ಷಕಿ ಎರಡು ದಿನ ಯಾರಿಗೂ ಹೇಳಲಿಲ್ಲ. “ಮಕ್ಕಳು ನಗತಾರಂತ ಸುಮ್ನಿದ್ದೆರಿ” ಎಂದರು. ಅವರ ಹಣ ಕದ್ದವನು ಒಬ್ಬ. ಅವರ ಬಾಯಿ ಕಟ್ಟಿದ್ದು ಮಾತ್ರ ಆ ಕಳ್ಳನಲ್ಲ. ಇಷ್ಟೂ ತಿಳಿಯದವಳು ದಡ್ಡಿ ಎಂದು ನಮ್ಮ ಸುತ್ತ ಎಲ್ಲರೂ ಸೇರಿ ಕಟ್ಟಿದ ನಾಚಿಕೆ.

ತಂಗಿಯ ಮಗನೊಂದಿಗೆ ಇದನ್ನೇ ವಾದಿಸಿದೆ. “ದೊಡ್ಡಮ್ಮ, ಓದದೆ ಒತ್ತಿದರೆ ಯಾರ ತಪ್ಪು?” ಎಂದ.

“ನೀ ಒತ್ತಿದ್ದೆಲ್ಲ ಓದೀಯೇನು?” ಎಂದೆ.

ನಕ್ಕ. “ಯಾರೂ ಓದಂಗಿಲ್ಲ. ಬರೆದವರಿಗೂ ಗೊತ್ತದ ಅದು.”

ಅಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಅವನೇ ಕೊಟ್ಟಂತಾಯಿತು. ಇದು ಓದು ಬಾರದವರ ಕಷ್ಟವಲ್ಲ, ಓದಿದವರೂ ಓದುವುದಿಲ್ಲ. ಕೇಳುವವರಿಗೆ, ಈಕೆ ಓದುವುದಿಲ್ಲ ಎಂದು ಗೊತ್ತಿದೆ. ಗೊತ್ತಿದ್ದೂ ಅಷ್ಟುದ್ದ ಬರೆದು, ಕೆಳಗೆ ಒಂದು ಗುಂಡಿ ಇಟ್ಟಿದ್ದಾರೆ. ಎದುರಿನವಳು ತಿಳಿಯದೆ ಹೂಂ ಎನ್ನುತ್ತಾಳೆಂದು ಗೊತ್ತಿದ್ದೂ ಆ ಹೂಂ ಅನ್ನು ಹಿಡಿದಿಟ್ಟುಕೊಳ್ಳುವವನು ಒಪ್ಪಿಗೆ ಪಡೆದಂತಲ್ಲ, ಖಾಲಿ ಕಾಗದದ ಮೇಲೆ ಮುದ್ರೆ ಪಡೆದಂತೆ. ಓದದವಳ ಪಾಲು ಅಜಾಗರೂಕತೆ, ಬರೆದವನ ಪಾಲು ಬುದ್ಧಿವಂತಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಒಂದೇ ತೂಕಕ್ಕೆ ತೂಗಬಾರದು.

ಇಂಥ ಹೂಂ ಏನೆಂಬುದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅವ್ವಂದಿರ ಕಾಲದಲ್ಲಿ ಹೆಣ್ಣು ನೋಡುವ ಶಾಸ್ತ್ರ ನೆನಪಿಸಿಕೊಳ್ಳಿ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿ ತಲೆ ತಗ್ಗಿಸಿ ಕೂತರೆ ಸಾಕು, ‘ಹುಡುಗಿ ಒಪ್ಪ್ಯಾಳ’ ಎಂದು ಒಳಗಿನಿಂದ ಸುದ್ದಿ ಬರುತ್ತಿತ್ತು. ಮೌನವೇ ಸಮ್ಮತಿ. ಅಳುತ್ತ ಕೂತರೆ, ತವರು ಬಿಡಲು ದುಃಖ ಎಂದರು, ಅದೂ ಸಮ್ಮತಿಯೇ! ಅವಳ ಮುಂದೆ ಇದ್ದದ್ದು ಒಂದೇ ಗುಂಡಿ. ಇಂದಿನ ಮೊಬೈಲಿನಲ್ಲೂ ಎಷ್ಟೋ ಕಡೆ ಇರುವುದು ಎರಡೇ: ‘ಒಪ್ಪುತ್ತೇನೆ’, ‘ಆಮೇಲೆ ನೆನಪಿಸು’. ಬೇಡ ಎಂಬುದಕ್ಕೆ ಜಾಗವೇ ಇಲ್ಲ. ಈಗ ಬೇಡವಾದರೆ ನಾಳೆ ಮತ್ತೆ ಕೇಳುತ್ತೇನೆ, ನಾಡಿದ್ದು ಮತ್ತೆ ಕೇಳುತ್ತೇನೆ, ನೀನು ಸೋತು ಹೂಂ ಎನ್ನುವವರೆಗೆ ಕೇಳುತ್ತೇನೆ. ಈ ಜಾಣತನವನ್ನು ಯಂತ್ರ ಎಲ್ಲಿ ಕಲಿಯಿತೆಂದು ನಾವು ಸೋಜಿಗಪಡಬೇಕಾಗಿಲ್ಲ. ಹತ್ತಿರದ ಬಂಧುಗಳನ್ನು ನೋಡಿದರೆ ಸಾಕು. ಬೇಡ ಎನ್ನಲು ಬಾರದ ಕಡೆ ಹೂಂ ಎಂಬುದಕ್ಕೆ ಅರ್ಥವಿಲ್ಲ, ಅದು ಬರಿಯ ಉಸಿರು.

ಕಾನೂನಿಗೂ ಇದು ಹೊಳೆದಿದೆ ಎಂಬುದು ಸಂತೋಷ. ನಮ್ಮ ಖಾಸಗಿ ವಿವರಗಳ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಒಪ್ಪಿಗೆ ಸ್ವತಂತ್ರವಾಗಿರಬೇಕು, ಯಾವುದಕ್ಕೆಂದು ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಸರಳ ಮಾತಿನಲ್ಲಿ ಕೇಳಬೇಕು, ಬೇಕೆಂದವರಿಗೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಸಿಗಬೇಕು, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎಂದೆಲ್ಲ ಅದರಲ್ಲಿದೆ. ಇನ್ನೊಂದು ತಮಾಷೆಯೂ ಉಂಟು. ಆ ಕಾಯ್ದೆ ಇಂಗ್ಲಿಷಿನಲ್ಲಿ ದೇಶದ ಪ್ರಜೆಗಳನ್ನೆಲ್ಲ, ಗಂಡಸರನ್ನೂ ಸೇರಿಸಿ, ‘ಅವಳು’ ಎಂದೇ ಕರೆಯುತ್ತದೆ! ಈ ವಿಷಯದಲ್ಲಿ ಎಲ್ಲ ಗಂಡಸರೂ ನಮ್ಮ ಸಾಲಿಗೇ ಬಂದು ಕೂತಿದ್ದಾರೆ ಎಂದು ಶಾಸನ ಬರೆದವರಿಗೆ ತಿಳಿದಿತ್ತೋ ಏನೋ. ವಿವರಗಳ ಒಡತಿಗೆ ಅಲ್ಲಿ ‘ಡೇಟಾ ಪ್ರಿನ್ಸಿಪಲ್’ ಎಂದು ಹೆಸರು. ಆ ನಿವೃತ್ತ ಶಿಕ್ಷಕಿಗೆ ಇದನ್ನು ಹೇಳಿದಾಗ, “ಮೂವತ್ತು ವರ್ಷ ದುಡಿದೆ, ಪ್ರಿನ್ಸಿಪಾಲ್ ಮಾಡಲಿಲ್ಲ. ಈಗ ರೊಕ್ಕ ಹೋದ ಮ್ಯಾಲ ಮಾಡ್ಯಾರ” ಎಂದರು.

ಆದರೆ ಕಾಯ್ದೆಯ ಮಾತು ಅಡುಗೆಮನೆಯವರೆಗೆ ತಾನಾಗಿ ನಡೆದು ಬರುವುದಿಲ್ಲ, ಯಾರಾದರೂ ಕೈ ಹಿಡಿದು ಕರೆತರಬೇಕು. ಇಲ್ಲಿ ನಾನು ನಿಮ್ಮನ್ನೂ ನನ್ನನ್ನೂ ಸೇರಿಸಿ ಒಂದು ಮಾತು ಹೇಳಬೇಕು. ಪೇಟೆಯಲ್ಲಿರುವ, ನಾಲ್ಕಕ್ಷರ ಕಲಿತ ಪ್ರತಿ ಹೆಂಗಸೂ ಈಗ ತನ್ನ ಓಣಿಗೆ ಗುಮಾಸ್ತೆ. ಪಾತ್ರೆ ತೊಳೆಯುವಾಕೆ, ಹಾಲು ಹಾಕುವಾಕೆ, ಹಳ್ಳಿಯಿಂದ ಬಂದ ಅತ್ತೆ, ಎಲ್ಲರೂ ಮೊಬೈಲು ಚಾಚಿ “ಸ್ವಲ್ಪ ನೋಡ್ರಿ ಅಕ್ಕಾ, ಏನೋ ಕೇಳ್ಲತ್ತದ” ಎನ್ನುತ್ತಾರೆ. ಕೆಲಸದ ಗಡಿಬಿಡಿಯಲ್ಲಿ ಅವರ ಪರವಾಗಿ ‘ಒಪ್ಪುತ್ತೇನೆ’ ಒತ್ತಿ ಕೊಡುವುದು ಎರಡು ಸೆಕೆಂಡಿನ ಕೆಲಸ. ಪುಣ್ಯದ ಕೆಲಸ ಎಂದೂ ಅನ್ನಿಸುತ್ತದೆ. ಆದರೆ ಆ ಗಳಿಗೆಯಲ್ಲಿ ನಾವು ಯಾರ ಜಾಗದಲ್ಲಿ ನಿಂತಿದ್ದೇವೆ? ಗವಾನರ ಮುದ್ರೆ ಕಾಯುವವನ ಜಾಗದಲ್ಲಿ. ಇತಿಹಾಸದಲ್ಲಿ ಅವನ ಹೆಸರನ್ನು ಯಾರೂ ನೆನೆಯುವುದಿಲ್ಲ. ಆದರೂ ಅವನು ಕೈಯಲ್ಲಿ ಮುದ್ರೆ ಹಿಡಿದು, ‘ಇದರಲ್ಲಿ ಏನು ಬರೆಯುತ್ತೀರಿ?’ ಎಂದು ಒಂದು ಮಾತು ಕೇಳಿದ್ದರೆ, ಒಂದು ತಲೆ ಉಳಿಯುತ್ತಿತ್ತು.

ಆ ಒಂದು ಮಾತು ಕೇಳುವುದಷ್ಟೇ ನಮ್ಮ ಧರ್ಮ ಎಂದು ನನ್ನ ತಿಳಿವು. ‘ಅಂದರೆ ಏನು?’ ಎಂದು ಕೇಳಲು ನಾಚಬಾರದು. ಔರಾದಿನ ಆ ಮುದುಕಿ ನಾಚಲಿಲ್ಲ. ಉತ್ತರ ಹೇಳಲು ಬಾರದೆ ನಾಚಬೇಕಾದವನು ಹೇಳುವವನು, ಕೇಳುವವಳಲ್ಲ. ಇನ್ನೊಬ್ಬರ ಮೊಬೈಲು ನಮ್ಮ ಕೈಗೆ ಬಂದಾಗ, ಒತ್ತುವ ಮೊದಲು ಅವರ ಮಾತಿನಲ್ಲೇ ಹೇಳೋಣ: ‘ಇದು ನಿನ್ನ ಫೋಟೋ ನೋಡ್ತೀನಿ ಅಂತದ, ಬೇಕೇನು?’ ‘ಇದು ನಿನ್ನ ಖಾತೆದಾಗಿಂದ ತಿಂಗಳಾ ರೊಕ್ಕ ಹಿಡೀತೀನಿ ಅಂತದ, ಹೂಂ ಅಂತಿಯೇನು?’ ಅವರು ಬೇಡ ಎಂದರೆ ಬೇಡ. ನಮಗೇ ತಿಳಿಯದಿದ್ದರೆ, ತಿಳಿಯಲಿಲ್ಲ ಎಂದು ಹೇಳಿ ಮೊಬೈಲು ಹಿಂದಕ್ಕೆ ಕೊಡೋಣ. ಅರ್ಥವಾಗದ್ದಕ್ಕೆ ಒತ್ತದೆ ಇರುವುದೂ ಒಂದು ಉಪಕಾರವೇ. ಇದರಿಂದ ರೊಟ್ಟಿ ಸ್ವಲ್ಪ ಸೀದೀತು. ಸೀಯಲಿ.

ಕನ್ನಡದಲ್ಲಿ ‘ಒಪ್ಪು’ ಎಂಬ ಮಾತು ಎಷ್ಟು ಚೆಂದ ಗಮನಿಸಿದ್ದೀರಾ? ಅದಕ್ಕೆ ಸಮ್ಮತಿಸು ಎಂಬ ಒಂದು ಅರ್ಥವಾದರೆ, ತಕ್ಕದಾಗಿ ಕಾಣು, ಶೋಭಿಸು ಎಂಬುದು ಇನ್ನೊಂದು. ಈ ಬಣ್ಣ ನಿನಗೆ ಒಪ್ಪುತ್ತದೆ ಎನ್ನುತ್ತೇವೆ. ಹಿಂದಿನವರು ಈ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟದ್ದು ಸುಮ್ಮನೆ ಇರಲಿಕ್ಕಿಲ್ಲ. ನಮಗೆ ಒಪ್ಪುವುದನ್ನಷ್ಟೇ ನಾವು ಒಪ್ಪಿಕೊಳ್ಳಬೇಕು. ಅದು ನಮಗೆ ಒಪ್ಪುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಅಂಚೂ ಒಡಲೂ ನೋಡಬೇಕು. ಆ ವಿದ್ಯೆ ನಮಗೆ ಹೊಸದೇನಲ್ಲ.